ಕಲ್ಲು ಇಳಿಸಿದ ಜಾಗ

ಹೊಳೆಯೊಂದು ಎರಡು ಸಲ ತಿರುಗಿ ನೋಡಿ ಆಮೇಲೆ ಮುಂದೆ ಹೋಗುವ ಕಡೆ ಒಂದು ಊರಿತ್ತು. ಆ ಊರಿನ ಹೆಂಗಸರಿಗೆಲ್ಲ ಎಡಭುಜ ಒಂದು ಬೆರಳು ತಗ್ಗು. ಹೊರಗಿನವರು ಯಾರಾದರೂ ಬಂದು, ಹೆಂಗಸರು ಸಾಲಾಗಿ ನೀರಿಗೆ ಹೋಗುವುದನ್ನು ಕಂಡರೆ, ಇದೇನಪ್ಪ ಊರಿಗೆ ಊರೇ ಒಂದು ಕಡೆ ವಾಲಿದೆಯಲ್ಲ ಅಂದುಕೊಳ್ಳುತ್ತಿದ್ದರು. ಊರಿನವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಎಲ್ಲರೂ ವಾಲಿದ ಕಡೆ ವಾಲುವುದೇ ನೆಟ್ಟಗೆ.

ಆ ಊರಿಗೆ ಒಂದು ಕಲ್ಲಿತ್ತು. ಕರೀ ಕಲ್ಲು. ರುಬ್ಬುವ ಗುಂಡಿನ ಹಾಗೆ ಉರುಟು, ಆಗತಾನೆ ಹುಟ್ಟಿದ ಕೂಸಿನಷ್ಟು ತೂಕ. ಯಾವ ಮನೆಯ ಸೊಸೆಗೆ ಚೊಚ್ಚಲ ಬಸಿರು ಎಂಟು ತುಂಬಿ ಒಂಬತ್ತಕ್ಕೆ ಬೀಳುತ್ತದೋ ಆ ಮನೆಗೆ ಕಲ್ಲು ಬರುತ್ತಿತ್ತು. ಅವತ್ತಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಹೊತ್ತವಳು. ಹೊತ್ತವಳು ಕಲ್ಲನ್ನು ಸೊಂಟದ ಮೇಲೆ ಹೊರಬೇಕು. ಎಣ್ಣೆ ಹಚ್ಚಿ ನೀರೆರೆಯಬೇಕು. ಹಣೆ ಇರಬಹುದಾದ ಕಡೆ ಕಾಡಿಗೆಯ ಬೊಟ್ಟಿಡಬೇಕು. ತೋಳಿನ ಮೇಲೆ ಮಲಗಿಸಿಕೊಂಡು ಮಲಗಬೇಕು. ಒಂದೇ ಒಂದು ಕೆಲಸ ಮಾಡಬಾರದು, ಇಳಿಸಬಾರದು. ನೆಲಕ್ಕೆ ಇಳಿಸಬಾರದು, ಕಟ್ಟೆಗೆ ಇಳಿಸಬಾರದು, ಇನ್ನೊಬ್ಬರ ಕೈಗೆ ಇಳಿಸಬಾರದು. ಯಾಕೆಂದರೆ ಕೂಸು ಬರುತ್ತಿರುತ್ತದೆ.

ಚೊಚ್ಚಲ ಕೂಸುಗಳು ಬಲು ದೂರದಿಂದ, ಒಂದರ ಹಿಂದೆ ಒಂದು, ನಡೆದೇ ಬರುತ್ತವೆ ಎಂದು ಆ ಊರಿನ ನಂಬಿಕೆ. ಅದಕ್ಕೇ ಅಲ್ಲಿ ಒಂದು ಸಲಕ್ಕೆ ಒಬ್ಬಳೇ ಹೊತ್ತವಳು. ಬಂದ ಕೂಸು ಊರಬಾಗಿಲಲ್ಲಿ ನಿಂತು ಮೊದಲು ಕಲ್ಲಿನ ಕಡೆ ನೋಡುತ್ತದಂತೆ. ಕಲ್ಲು ಸೊಂಟದ ಮೇಲಿದ್ದರೆ ಒಳಗೆ ಬರುತ್ತದಂತೆ. ಕಲ್ಲು ಇಳಿದಿದ್ದರೆ, ‘ಇವತ್ತು ಇದನ್ನು ಇಳಿಸಿದವರು ನಾಳೆ ನನ್ನನ್ನೂ ಇಳಿಸುತ್ತಾರೆ’ ಎಂದು ಬಂದ ದಾರಿ ಹಿಡಿಯುತ್ತದಂತೆ.

ನೋವು ಬಂದ ದಿನ ಸೂಲಗಿತ್ತಿ ಬಂದು ಹೊಸಿಲ ಹೊರಗೆ ನಿಂತು ಮೂರು ಸಲ ಕೇಳುತ್ತಾಳೆ, ‘ಹೊತ್ತವಳೇ, ಹೊತ್ತವಳೇ, ಇಳಿಸಿದೆಯಾ?’ ಒಳಗಿನಿಂದ ಮೂರು ಸಲ ಉತ್ತರ ಬರಬೇಕು, ‘ಇಳಿಸಿಲ್ಲ.’ ಆಮೇಲೆಯೇ ಸೂಲಗಿತ್ತಿಯ ಕಾಲು ಹೊಸಿಲು ದಾಟುವುದು. ಬೇರೆ ಉತ್ತರ ಬಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಬೇರೆ ಉತ್ತರ ಯಾವತ್ತೂ ಬಂದಿರಲಿಲ್ಲ.

ಈ ಸಲ ಕಲ್ಲು ಬಡಗಿಯ ಮನೆಗೆ ಬಂತು.

ಬಡಗಿಯ ಹೆಂಡತಿ ಹೊಳೆಯಾಚೆಯವಳು. ಮಾತು ಕಡಿಮೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, ‘ನಾವೇನು ಸೊಸೇನ ತಂದ್ವೋ, ಗೋಡೆಗೆ ಇನ್ನೊಂದು ಗೋಡೆ ತಂದ್ವೋ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದಳು. ಸೊಸೆ ಅದಕ್ಕೂ ಮಾತಾಡಿರಲಿಲ್ಲ. ಆದರೆ ನೋಡುತ್ತಿದ್ದಳು. ಬೇರೆಯವರು ಮಾತಿಗೆ ಖರ್ಚು ಮಾಡುವ ಹೊತ್ತನ್ನೆಲ್ಲ ಅವಳು ನೋಡುವುದಕ್ಕೆ ಇಟ್ಟುಕೊಂಡಿದ್ದಳು.

ಆ ಊರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಲ್ಲ. ಕಲ್ಲು ಹೊಳೆ ದಾಟಬಾರದಲ್ಲ. ಹೆರಿಗೆಯಾಗುವವರೆಗೆ ತವರಿನವರೂ ಈಚೆ ದಾಟಬಾರದು. ಹಾಗಾಗಿ ಅವಳ ತಾಯಿ, ಉಟ್ಟು ಉಟ್ಟು ಬೆಣ್ಣೆಯಂತಾದ ಹಳೇ ಸೀರೆಗಳ ಗಂಟೊಂದನ್ನು ದೋಣಿಯಲ್ಲಿ ಕಳಿಸಿ, ಆಚೆ ದಡದಲ್ಲೇ ನಿಂತು ಕೈ ಬೀಸಿ ಹೋದಳು. ಗಂಟಿನಲ್ಲಿ ಒಂದು ಬಜೆಯ ಬೇರು, ಹರಳೆಣ್ಣೆಯ ಕುಡಿಕೆ, ಕೂಸಿನ ತಲೆಗೆ ಕಟ್ಟುವ ಕುಲಾವಿ ಇದ್ದವು. ಕುಲಾವಿ ಅವಳದೇ, ಅವಳು ಹುಟ್ಟಿದಾಗಿನದು. ಅದರಲ್ಲಿ ಅವಳ ಮುಷ್ಟಿಯಷ್ಟೇ ಹಿಡಿಯುತ್ತಿತ್ತು. ಒಂದು ಕಾಲಕ್ಕೆ ತನ್ನ ತಲೆ ಇಷ್ಟೇ ಇತ್ತಲ್ಲ ಎಂದು ಅವಳಿಗೆ ನಗು ಬಂತು.

ಸೂಲಗಿತ್ತಿ ಕಲ್ಲನ್ನು ಮೊರದಲ್ಲಿ ಇಟ್ಟುಕೊಂಡು ಬಂದಳು. ಹಿಂದೆ ನಾಲ್ಕು ಮನೆಯ ಹೆಂಗಸರು. ಮೊರವನ್ನು ವಾಲಿಸಿ ಕಲ್ಲನ್ನು ಅವಳ ಮಡಿಲಿಗೆ ಬಿಟ್ಟಳು.

‘ಇಕೋ, ನಿನ್ನ ಕೂಸು. ಎಷ್ಟು ಲಕ್ಷಣವಾಗಿದೆ ನೋಡು, ಯಾರ ಥರಾನೂ ಇಲ್ಲ.’

ಪಕ್ಕದ ಮನೆಯ ಬುಟ್ಟಿ ಹೆಣೆಯುವವಳು, ವರ್ಷ ತುಂಬಿದ ತನ್ನ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡೇ ಬಗ್ಗಿ ನೋಡಿದಳು. ‘ಅಯ್ಯೋ, ನಮ್ಮನೇಲಿದ್ದಾಗ್ಲಿಂದ ಒಂಚೂರೂ ಬೆಳೆದಿಲ್ವಲ್ಲೇ ಇದು! ಏನು ತಿನ್ನಿಸಿದ್ಯಜ್ಜಿ?’

‘ನಿನ್ನ ಮಾತು ತಿನ್ನಿಸಿದ್ದೆ ಕಣೇ. ಅರಗಲಿಲ್ಲ,’ ಎಂದಳು ಸೂಲಗಿತ್ತಿ.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಸೊಸೆಯ ಎದುರಿಗೆ ಕೂತು, ಹರಿಶಿನದ ಕೈಯಲ್ಲಿ ಕಲ್ಲನ್ನು ಮುಟ್ಟಿ ಹೇಳಿದಳು: ‘ನಾನು ಇಳಿಸಿಲ್ಲ. ನಮ್ಮತ್ತೆ ಇಳಿಸಿಲ್ಲ. ನಮ್ಮತ್ತೆಯ ಅತ್ತೆ ಇಳಿಸಿಲ್ಲ. ನೀನೂ ಇಳಿಸಬೇಡ.’

‘ಹೂಂ ಅತ್ತೆ,’ ಎಂದಳು ಹೊತ್ತವಳು. ಅಂದು ಆಡಿದ ಮಾತು ಅದೊಂದೇ.

ಕಲ್ಲು ಭಾರವಾಗಿತ್ತು. ಆದರೆ ಎತ್ತಲಾರದ ಭಾರವಲ್ಲ. ಹೊತ್ತವಳು ಅದಕ್ಕೆ ಎಣ್ಣೆ ಹಚ್ಚಿದಳು, ಬೆಚ್ಚನೆಯ ನೀರೆರೆದಳು, ಸಾಂಬ್ರಾಣಿಯ ಹೊಗೆ ಹಿಡಿದಳು. ಕಲ್ಲು ಅಳಲಿಲ್ಲ, ನಗಲಿಲ್ಲ, ಹಾಲು ಕಕ್ಕಲಿಲ್ಲ. ‘ಇಂಥ ಕೂಸನ್ನ ಹತ್ತು ಬೇಕಾದ್ರೂ ಸಾಕಬಹುದು’ ಎಂದು ಅವಳು ಕಲ್ಲಿಗೇ ಹೇಳಿದಳು. ಜನರ ಎದುರು ಬಾರದ ಮಾತು ಅವಳಿಗೆ ಕಲ್ಲಿನ ಎದುರು ಚೆನ್ನಾಗಿ ಬರುತ್ತಿತ್ತು.

ಬರುವ ಕೂಸಿಗೆ ತಯಾರಿ ಮಾಡುವುದು ಸಾಕಷ್ಟಿತ್ತು, ಮತ್ತು ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಬೇಕಿತ್ತು. ಸೀರೆಗಳನ್ನು ಚೌಕ ಚೌಕ ಹರಿಯಬೇಕು. ಆ ಊರಿನ ಹೆಂಗಸರು ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಒಂದು ಕೈಯಲ್ಲಿ ಹರಿಯುವುದರಲ್ಲಿ ನಿಸ್ಸೀಮರು. ಹೊತ್ತವಳೂ ಕಚ್ಚಿ ಹರಿದಳು. ಬಾಯಿಯೆಲ್ಲ ಅಮ್ಮನ ಸೀರೆಯ ವಾಸನೆ. ಬಾಣಂತಿಯ ಖಾರಕ್ಕೆ ಮೆಣಸು, ಓಮ, ಒಣಶುಂಠಿ ಹುರಿದಳು. ಕುಟ್ಟುವಾಗ ಕಲ್ಲು ಸೊಂಟದ ಮೇಲೆ ಕುಣಿದು ಪಕ್ಕೆಗೆ ಬಡಿಯಿತು. ದೀಪದ ಮೇಲೆ ಬಟ್ಟಲು ಕವುಚಿ ಕಾಡಿಗೆ ಹಿಡಿದಳು. ಅದನ್ನು ಕೆರೆದು ತೆಗೆಯುವಾಗ ಮೂಗಿನ ತುದಿಗೆ ಮಸಿ ಹತ್ತಿತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಅತ್ತೆ ನೋಡಿ, ‘ದೃಷ್ಟಿಬೊಟ್ಟು ಕೂಸಿಗೆ ಕಣೇ, ನಿನಗಲ್ಲ’ ಎಂದಳು. ಆದರೂ ಸೆರಗಿನ ತುದಿಯಿಂದ ತಾನೇ ಒರೆಸಿದಳು.

ಬಡಗಿ ಹಿತ್ತಲಲ್ಲಿ ತೊಟ್ಟಿಲು ಮಾಡುತ್ತಿದ್ದ. ಹಲಸಿನ ಮರದ ತೊಟ್ಟಿಲು. ನಾಲ್ಕು ಮೂಲೆಗೆ ನಾಲ್ಕು ಗಿಳಿ. ಆ ಊರಲ್ಲಿ ಚೊಚ್ಚಲಿಗೆ ತೊಟ್ಟಿಲು ಮಾಡದ ಮನೆಯೇ ಇಲ್ಲ. ಎಲ್ಲ ಮನೆಯ ತೊಲೆಯಿಂದಲೂ ಚಂದದ ತೊಟ್ಟಿಲುಗಳು ತೂಗುತ್ತಿದ್ದವು. ಎಲ್ಲ ತೊಟ್ಟಿಲುಗಳಲ್ಲೂ ಈರುಳ್ಳಿ ಇರುತ್ತಿತ್ತು. ಬುಟ್ಟಿ ಹೆಣೆಯುವವಳ ತೊಟ್ಟಿಲಲ್ಲಿ ಮಾತ್ರ ಒಂದು ಹೇಂಟೆ ಕಾವಿಗೆ ಕೂತಿತ್ತು.

ಮದುವೆಯಾಗಿ ಬಂದ ವರ್ಷವೇ ಬಡಗಿಯ ಹೆಂಡತಿ ಅತ್ತೆಯನ್ನು ಕೇಳಿದ್ದಳು. ‘ಅತ್ತೆ, ತೊಟ್ಟಿಲಲ್ಲಿ ಈರುಳ್ಳಿ?’

‘ಮತ್ತೆ ಎಲ್ಲಿಡೋದು? ಗಾಳಿಯಾಡತ್ತೆ, ಕೊಳೆಯಲ್ಲ.’

‘ಮಗು?’

‘ಮಗು ಸೊಂಟದ ಮೇಲೆ,’ ಎಂದಿದ್ದಳು ಅತ್ತೆ, ಇಂಥದ್ದನ್ನೂ ಕೇಳುತ್ತಾರೆಯೇ ಎನ್ನುವ ಹಾಗೆ. ‘ಕೂಸನ್ನ ಇಳಿಸ್ತಾರೇನೇ ಯಾರಾದ್ರೂ? ನಾನು ನಿನ್ನ ಗಂಡನ್ನ ನಾಲ್ಕು ವರ್ಷ ಇಳಿಸಲಿಲ್ಲ. ಅವನ ಕಾಲು ನೆಲಕ್ಕೆ ಎಳೀತಿತ್ತು, ಆದ್ರೂ ಇಳಿಸಲಿಲ್ಲ.’

ನಿಜ. ಆ ಊರಲ್ಲಿ ತಾಯಂದಿರು ಕೂಸನ್ನು ಇಳಿಸುತ್ತಿರಲಿಲ್ಲ, ಯಾರ ಕೈಗೂ ಕೊಡುತ್ತಿರಲಿಲ್ಲ. ಸೊಂಟದಲ್ಲಿ ಇಟ್ಟುಕೊಂಡೇ ಉಣ್ಣುತ್ತಿದ್ದರು, ಸೊಂಟದಲ್ಲಿ ಇಟ್ಟುಕೊಂಡೇ ಗುಡಿಸುತ್ತಿದ್ದರು, ಸೊಂಟದಲ್ಲಿ ಇಟ್ಟುಕೊಂಡೇ ಜಗಳವಾಡುತ್ತಿದ್ದರು. ಬುಟ್ಟಿ ಹೆಣೆಯುವವಳು ಒಂದು ಕೈ ಮತ್ತು ಎರಡು ಕಾಲ್ಬೆರಳಿನಲ್ಲಿ ಬುಟ್ಟಿ ಹೆಣೆಯುತ್ತಿದ್ದಳು. ಅವಳ ಬುಟ್ಟಿಗಳೆಲ್ಲ ಎಡಕ್ಕೆ ಒಂದು ಬೆರಳು ವಾಲಿರುತ್ತಿದ್ದವು. ಊರಿನವರಿಗೆ ಅದೂ ಕಾಣುತ್ತಿರಲಿಲ್ಲ.

ಹದಿಮೂರನೆಯ ದಿನ, ನಡುಮಧ್ಯಾಹ್ನ, ಹೊತ್ತವಳು ಬಾವಿಗೆ ಹೋದಳು.

ಬಾವಿಕಟ್ಟೆಯ ಮೇಲೆ ಒಂದು ಕುಳಿಯಿತ್ತು, ಚಿಕ್ಕ ಬೋಗುಣಿಯಷ್ಟು ಅಗಲ, ಒಳಗೆಲ್ಲ ನುಣ್ಣಗೆ. ಅಂಥ ಕುಳಿಗಳು ಊರಲ್ಲಿ ಅಲ್ಲಲ್ಲಿ ಇದ್ದವು. ಹುಣಸೆಮರದ ಕಟ್ಟೆಯ ಮೇಲೊಂದು, ಹೊಳೆಯ ಮೆಟ್ಟಿಲ ಮೇಲೊಂದು, ಬುಟ್ಟಿ ಹೆಣೆಯುವವಳ ಜಗಲಿಯಲ್ಲೊಂದು, ಬಡಗಿಯ ಮನೆಯ ಹಿತ್ತಲಲ್ಲಿ, ಒರಳಿನ ಪಕ್ಕದ ಚಪ್ಪಡಿಯಲ್ಲೊಂದು. ದೇವರು ಊರು ಸುತ್ತುವಾಗ ಮಂಡಿಯೂರಿ ಕೂತ ಗುರುತು ಅವು ಎಂದು ಹೇಳುತ್ತಿದ್ದರು. ಶುಕ್ರವಾರ ಹರಿಶಿನ ಕುಂಕುಮ ಇಟ್ಟು ಹೂವು ಏರಿಸುತ್ತಿದ್ದರು. ಉಳಿದ ದಿನ ಅದರಲ್ಲಿ ನಿಂತ ನೀರನ್ನು ಗುಬ್ಬಿಗಳು ಕುಡಿಯುತ್ತಿದ್ದವು. ದೇವರಿಗೆ ಒಂದೇ ಮಂಡಿಯೇ ಎಂದು ಹೊತ್ತವಳಿಗೆ ಬಂದ ದಿನದಿಂದ ಅನುಮಾನ. ಕೇಳಿರಲಿಲ್ಲ.

ಬಾವಿಯ ಹಗ್ಗಕ್ಕೆ ಎರಡು ಕೈ ಬೇಕು. ಊರಿನ ಹೆಂಗಸರು ಒಂದು ಕೈಯಲ್ಲಿ ಎಳೆದು, ಮಂಡಿಯಲ್ಲಿ ಒತ್ತಿ ಹಿಡಿದು, ಮತ್ತೆ ಎಳೆದು, ಹೇಗೋ ಸೇದುತ್ತಿದ್ದರು. ಅವಳಿಗೆ ಆ ವಿದ್ಯೆ ಹತ್ತಿರಲಿಲ್ಲ. ಬಾವಿಯ ಹತ್ತಿರ ಒಂದು ನರಪಿಳ್ಳೆಯಿಲ್ಲ. ಎಡಗಡೆ ಹೊರಗೆ ಕಲ್ಲು, ಎಡಗಡೆಯೇ ಒಳಗೆ ಕೂಸಿನ ಹಿಮ್ಮಡಿ. ಅವಳು ಹಗ್ಗವನ್ನು ನೋಡಿದಳು. ತನ್ನ ಕೈಯನ್ನು ನೋಡಿದಳು. ಕುಳಿಯನ್ನು ನೋಡಿದಳು.

ಅವಳು ತಲೆ ಸುತ್ತಿ ಬೀಳಲಿಲ್ಲ. ಕೈ ಸೋತು ಕಲ್ಲು ಜಾರಲಿಲ್ಲ. ಆಮೇಲೆ ಹಾಗೆ ಹೇಳಿಕೊಳ್ಳಬಹುದಿತ್ತು, ಆದರೆ ಹಾಗೆ ಆಗಲಿಲ್ಲ. ಅವಳು ನೆಟ್ಟಗೆ ನಿಂತು, ಬಗ್ಗಿ, ಕಲ್ಲನ್ನು ಕುಳಿಯಲ್ಲಿ ಇಳಿಸಿದಳು.

ಸದ್ದಾಗಲಿಲ್ಲ. ಕಲ್ಲು ಕುಳಿಯಲ್ಲಿ, ಮೊಟ್ಟೆ ಗೂಡಿನಲ್ಲಿ ಕೂತ ಹಾಗೆ ಕೂತಿತು. ಅತ್ತ ಇತ್ತ ಒಂದು ಕೂದಲಿನಷ್ಟು ಜಾಗವೂ ಉಳಿಯಲಿಲ್ಲ.

ಹೊತ್ತವಳು ಊರಬಾಗಿಲ ಕಡೆ ನೋಡಿದಳು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಕೂಸು ತಿರುಗಿ ಹೋಗುವುದಿದ್ದರೆ ಹೆಜ್ಜೆಯ ಸಪ್ಪಳವಾದರೂ ಆಗಬೇಕಲ್ಲ. ಒಳಗಿನಿಂದ ಒಂದು ಒದೆ ಬಿತ್ತು. ಹಿಂದಿನ ದಿನದ ಹಾಗೆಯೇ, ಅದೇ ಜಾಗದಲ್ಲಿ, ಸ್ವಲ್ಪ ಜೋರಾಗಿಯೇ.

‘ಇಲ್ಲೇ ಇದೀಯಲ್ಲ,’ ಎಂದಳು ಹೊತ್ತವಳು.

ಎರಡೂ ಕೈಯಲ್ಲಿ ಹಗ್ಗ ಹಿಡಿದು ನೀರು ಸೇದಿದಳು. ಎರಡೂ ಕೈಯಲ್ಲಿ ಬೊಗಸೆ ಮಾಡಿ ಕುಡಿದಳು. ಹದಿಮೂರು ದಿನದ ಮೇಲೆ ಅವಳ ಬಲಗೈ ಎಡಗೈಯನ್ನು ಮುಟ್ಟಿತ್ತು. ಬಹಳ ದಿನಕ್ಕೆ ಸಿಕ್ಕ ಅಕ್ಕತಂಗಿಯರ ಹಾಗೆ ಅವು ಒಂದನ್ನೊಂದು ಉಜ್ಜಿಕೊಂಡವು. ಮುಖ ತೊಳೆದುಕೊಂಡಳು. ಕಲ್ಲಿನ ಮುಖವನ್ನೂ ತೊಳೆದಳು. ಮತ್ತೆ ಅದನ್ನು ಎತ್ತಿ ಸೊಂಟಕ್ಕೆ ಏರಿಸಿದಾಗ ಅದು ತಣ್ಣಗಿತ್ತು, ಹಗುರವಾಗಿಯೂ ಇತ್ತು.

ಮಾರನೆಯ ದಿನ ಹುಣಸೆಕಟ್ಟೆಯ ಕುಳಿಯಲ್ಲಿ ಇಳಿಸಿ ನೋಡಿದಳು. ಸರಿಯಾಗಿ ಕೂತಿತು. ಅದರ ಮಾರನೆಯ ದಿನ ಹೊಳೆಯ ಮೆಟ್ಟಿಲ ಮೇಲೆ. ಅಲ್ಲೂ ಕೂತಿತು. ಅತ್ತೆ ಎಲೆಅಡಿಕೆ ಹಾಕಿಕೊಂಡು ಆಚೆ ಬೀದಿಗೆ ಹೋದಾಗ ಹಿತ್ತಲ ಒರಳಿನ ಪಕ್ಕದಲ್ಲಿ. ಅಲ್ಲಿ ಕಲ್ಲು ಮೂಗಿನವರೆಗೆ ಮುಳುಗಿತು. ಎಲ್ಲ ಕುಳಿಗಳಿಗಿಂತ ಆಳ ಅದು.

ಒಂದು ಸಲ ಇಟ್ಟರೆ ಕುಳಿ ಬೀಳುವುದಿಲ್ಲ. ಹತ್ತು ಸಲ ಇಟ್ಟರೂ ಬೀಳುವುದಿಲ್ಲ. ನೂರಾರು ಹೆಂಗಸರು, ನೂರಾರು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ, ಕಣ್ಣು ಮುಚ್ಚಿ, ಇದೇ ಜಾಗದಲ್ಲಿ ಇದೇ ಕಲ್ಲನ್ನು ಇಳಿಸಿದ್ದರು. ಒಬ್ಬೊಬ್ಬಳೂ ತಾನೊಬ್ಬಳೇ ಅಂದುಕೊಂಡಿದ್ದಳು. ಗೊತ್ತಿದ್ದವರು ಹೇಳಲಿಲ್ಲ. ಹೇಳುತ್ತಿದ್ದವರು ದೇವರ ಮಂಡಿ ಎಂದರು.

ಅವಳಿಗೆ ಸಿಟ್ಟು ಬರಲಿಲ್ಲ. ಯಾರೋ ಬಹಳ ಹಿಂದೆಯೇ ಅವಳಿಗಾಗಿ ಊರ ತುಂಬ ಹಾಸಿಗೆ ಹಾಸಿಟ್ಟು ಹೋದ ಹಾಗೆ ಅನ್ನಿಸಿತು. ಆದರೆ ಬುಟ್ಟಿ ಹೆಣೆಯುವವಳನ್ನು ನೋಡಿದಾಗ ಮನಸ್ಸು ಕುಟುಕಿತು. ಒಂದು ಸಂಜೆ ಜಗಲಿಯಲ್ಲಿ ಅವಳ ಪಕ್ಕ ಕೂತು ಹೊತ್ತವಳು ತಾನಾಗಿ ಮಾತು ತೆಗೆದಳು.

‘ಅಕ್ಕಾ, ನಿಮ್ಮ ಕೈ ಸೋತಿದೆ. ಮಗೂನ ಒಂದು ಗಳಿಗೆ ಕೊಡಿ, ಈ ಕಡೆ ಸೊಂಟ ಖಾಲಿ ಇದೆ ನಂಗೆ.’

‘ಅಯ್ಯೋ ಬೇಡ ಕಣೇ!’ ಬುಟ್ಟಿ ಹೆಣೆಯುವವಳು ಮಗುವನ್ನು ಇನ್ನಷ್ಟು ಒತ್ತಿಕೊಂಡಳು. ‘ಯಾರಾದ್ರೂ ನೋಡಿದ್ರೆ? ಮಗೂನ ಇಳಿಸೋಳು ಕಲ್ಲನ್ನೂ ಇಳಿಸಿರ್ತಾಳೆ ಅನ್ನಲ್ವಾ? ನಾನು ಹೊಸಿಲ ಮುಂದೆ ಮೂರು ಸಲ ಹೇಳಿದೀನಮ್ಮ, ಇಳಿಸಿಲ್ಲ ಅಂತ.’

ಹೇಳುತ್ತ ಹೇಳುತ್ತ ಅವಳ ಕಣ್ಣು ತನ್ನದೇ ಜಗಲಿಯ ಕುಳಿಯ ಕಡೆ ಹೋಗಿ, ಸುಟ್ಟುಕೊಂಡ ಹಾಗೆ ವಾಪಸು ಬಂತು.

ಹೊತ್ತವಳಿಗೆ ಆಗ ಊರಿನ ಭುಜ ಯಾಕೆ ವಾಲಿದೆ ಎಂದು ಪೂರ್ತಿ ತಿಳಿಯಿತು. ಅದು ಕಲ್ಲಿನ ಭಾರದಿಂದ ವಾಲಿದ್ದಲ್ಲ. ಕಲ್ಲು ಹೊರುವುದು ಒಂದು ತಿಂಗಳು. ಹೊಸಿಲ ಮುಂದೆ ಹೇಳಿದ ಆ ಮಾತನ್ನು ಹೊರುವುದು ಬದುಕಿಡೀ. ಆ ಮಾತನ್ನು ನಿಜ ಮಾಡುವುದಕ್ಕಾಗಿಯೇ ಅವರು ಕೂಸುಗಳನ್ನು ಇಳಿಸುತ್ತಿರಲಿಲ್ಲ. ತೊಟ್ಟಿಲುಗಳಲ್ಲಿ ಈರುಳ್ಳಿ ಇರುತ್ತಿತ್ತು.

ಇನ್ನು ಸ್ವಲ್ಪ ದಿನದಲ್ಲಿ ಅವಳನ್ನೂ ಕೇಳುತ್ತಾರೆ. ಇಳಿಸಿಲ್ಲ ಎಂದರೆ ಸೂಲಗಿತ್ತಿ ಒಳಗೆ ಬರುತ್ತಾಳೆ, ಕೂಸು ಹುಟ್ಟುತ್ತದೆ, ಆಮೇಲೆ ಅವಳೂ ಕೂಸೂ ಒಬ್ಬರಿಗೊಬ್ಬರು ಕಟ್ಟಿಹಾಕಿದ ಹಾಗೆ. ಇಳಿಸಿದೆ ಎಂದರೆ ಸೂಲಗಿತ್ತಿ ಹೊಸಿಲಾಚೆಯೇ ನಿಲ್ಲಬಹುದು. ಇಳಿಸಿದೆ ಎಂದ ಮನೆಯೊಳಗೆ ಕಾಲಿಟ್ಟ ಸೂಲಗಿತ್ತಿ ಇಲ್ಲ. ತವರು ಹೊಳೆಯಾಚೆ. ಒಬ್ಬಳೇ ಹೆರಬೇಕಾದೀತು.

ಅವಳು ಎರಡು ದಿನ ಯೋಚಿಸಿದಳು. ಮೂರನೆಯ ದಿನ ಬೆಳಗ್ಗೆ ಹಿತ್ತಲಿಗೆ ಹೋಗಿ ಗಂಡನ ಎದುರು ನಿಂತಳು. ಬಡಗಿ ನಾಲ್ಕನೆಯ ಗಿಳಿಯ ಕೊಕ್ಕು ಕೊರೆಯುತ್ತಿದ್ದ.

‘ರೀ. ಈ ತೊಟ್ಟಿಲಿಗೆ ನಾನು ಈರುಳ್ಳಿ ಹಾಕಲ್ಲ.’

‘ಮತ್ತೆ? ಬೆಳ್ಳುಳ್ಳಿನಾ?’

‘ಮಗು ಹಾಕ್ತೀನಿ.’

ಗಿಳಿಯ ಕೊಕ್ಕು ಪಟ್ಟೆಂದು ಮುರಿಯಿತು. ಬಡಗಿ ಅದನ್ನೂ ನೋಡಿದ, ಹೆಂಡತಿಯನ್ನೂ ನೋಡಿದ. ‘ಅಮ್ಮ ಏನಂತಾಳೋ...’

‘ಅತ್ತೆಗೆ ನಾನು ಹೇಳ್ತೀನಿ. ನೀವು ಹಗ್ಗ ಗಟ್ಟಿಯಾಗಿ ಕಟ್ಟಿ.’

ಬಡಗಿ ತೊಟ್ಟಿಲ ಅಂಚಿನ ಮೇಲೆ ಅಂಗೈ ಆಡಿಸಿದ. ‘ಹಾಗಾದ್ರೆ ಒಳಗಡೆ ಇನ್ನೊಂದು ಸಲ ಉಜ್ಜಬೇಕು,’ ಎಂದ. ‘ಈರುಳ್ಳಿಗೆ ಅಂತ ಸಿಬಿರು ಹಾಗೇ ಬಿಟ್ಟಿದ್ದೆ.’

ನೋವು ಬಂದದ್ದು ಒಂದು ಮಧ್ಯಾಹ್ನ, ಊಟದ ಎಲೆ ತೆಗೆಯುವ ಹೊತ್ತಿಗೆ. ಅತ್ತೆ ಪದ್ಧತಿಯ ಪ್ರಕಾರ ಮನೆಯ ಗಂಟುಗಳನ್ನೆಲ್ಲ ಬಿಚ್ಚಿದಳು, ಹುರಿಯ ಗಂಟು, ಮೂಟೆಯ ಗಂಟು, ಸೊಸೆಯ ಜಡೆಯ ಗಂಟು. ಮುಚ್ಚಳಗಳನ್ನೆಲ್ಲ ತೆಗೆದಳು. ಬಾಗಿಲುಗಳನ್ನೆಲ್ಲ ತೆರೆದಳು. ಮುಚ್ಚಿದ್ದು ಏನೂ ಇರಬಾರದು, ಕೂಸಿನ ದಾರಿ ಸಲೀಸಾಗಬೇಕು. ನಾಲ್ಕು ಮನೆಯ ಹೆಂಗಸರು ಬಂದು ಅಂಗಳದಲ್ಲಿ ಕೂತರು. ಹೊತ್ತವಳು ಒಳಮನೆಯಲ್ಲಿ ಗೋಡೆಗೆ ಒರಗಿ, ಕಲ್ಲನ್ನು ಅಪ್ಪಿಕೊಂಡು, ಉಸಿರು ಬಿಡುತ್ತಿದ್ದಳು.

ಸೂಲಗಿತ್ತಿ ಬಂದಳು. ಹೊಸಿಲ ಹೊರಗೆ ನಿಂತಳು. ಗಂಟಲು ಸರಿಮಾಡಿಕೊಂಡಳು.

‘ಹೊತ್ತವಳೇ, ಹೊತ್ತವಳೇ, ಇಳಿಸಿದೆಯಾ?’

ಒಂದು ನೋವು ಬಂದು ಹೋಗುವವರೆಗೆ ಹೊತ್ತವಳು ಕಾದಳು. ಆಮೇಲೆ ಹೇಳಿದಳು, ‘ಇಳಿಸಿದೆ.’

ಅಂಗಳದಲ್ಲಿ ಯಾರದೋ ಬಳೆ ಸದ್ದಾಯಿತು. ಸೂಲಗಿತ್ತಿ ಅಭ್ಯಾಸಬಲದಿಂದ ಮೊದಲೇ ಎತ್ತಿದ್ದ ಕಾಲನ್ನು ಹಾಗೇ ಎತ್ತಿಕೊಂಡು ನಿಂತಳು. ಮೂವತ್ತು ವರ್ಷದಿಂದ ಅವಳು ಕೇಳಿಕೊಂಡು ಬಂದ ಮಾತಿಗೆ ಇದು ಉತ್ತರವೇ ಅಲ್ಲ. ಬೇರೇನೂ ತೋಚದೆ ಎರಡನೆಯ ಸಲ ಕೇಳಿದಳು.

‘ಹೊತ್ತವಳೇ, ಹೊತ್ತವಳೇ... ಇಳಿಸಿದೆಯಾ?’

‘ಇಳಿಸಿದೆ ಅಜ್ಜಿ. ಬಾವಿಕಟ್ಟೆ ಮೇಲೆ. ಹುಣಸೆಕಟ್ಟೆ ಮೇಲೆ. ಹೊಳೆ ಮೆಟ್ಟಿಲ ಮೇಲೆ. ಇಳಿಸಿ, ಕೈ ತೊಳ್ಕೊಂಡು, ಮತ್ತೆ ಎತ್ಕೊಂಡೆ.’ ಅವಳ ದನಿ ದೊಡ್ಡದಾಗಿರಲಿಲ್ಲ. ಆದರೆ ಬಾಗಿಲುಗಳೆಲ್ಲ ತೆರೆದಿದ್ದವಲ್ಲ, ಅಂಗಳದ ಕೊನೆಯವರೆಗೂ ಕೇಳಿಸಿತು.

ಅತ್ತೆ ತಲೆಯ ಮೇಲೆ ಕೈಯಿಟ್ಟುಕೊಂಡಳು. ‘ಬಾಯಲ್ಲಿ ಬೆರಳಿಟ್ರೆ ಕಚ್ಚೋಕೆ ಬರಲ್ಲ ಅನ್ಕೊಂಡಿದ್ನಲ್ಲೇ ನಿನ್ನ! ವರ್ಷಗಟ್ಲೆ ಮಾತಾಡದೋಳು ಇವತ್ತು ಬಾಯಿ ಬಿಡಬೇಕಿತ್ತಾ? ಎಲ್ಲರೂ ಹೇಳೋ ಹಾಗೆ ಇಳಿಸಿಲ್ಲ ಅಂತ ನೀನೂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಎಲ್ಲರೂ ಹೇಳೋ ಹಾಗೆ.

ಮಾತು ಅಂಗಳದ ನಡುವೆ ಬಿದ್ದು ಅಲ್ಲೇ ಕೂತಿತು. ಹೆಂಗಸರು ಅದರ ಕಡೆ ನೋಡದೆ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು.

‘ಅತ್ತೆ,’ ಎಂದಳು ಹೊತ್ತವಳು ಒಳಗಿನಿಂದ, ಉಸಿರು ಹಿಡಿದು ಹಿಡಿದು. ‘ಬೇಜಾರು ಮಾಡ್ಕೋಬೇಡಿ. ನಮ್ಮ ಹಿತ್ತಲ ಕುಳಿ ಇದೆಯಲ್ಲ, ಒರಳ ಪಕ್ಕದ್ದು... ಊರಿಗೆಲ್ಲ ಅದೇ ಆಳ.’

ಅತ್ತೆಯ ಕೈ ತಲೆಯಿಂದ ಇಳಿದು ಎಡಭುಜಕ್ಕೆ ಬಂತು. ಅಲ್ಲೇ ನಿಂತಿತು. ಅವಳು ಹೊಸಿಲನ್ನು ನೋಡಿದಳು, ಸೂಲಗಿತ್ತಿಯನ್ನು ನೋಡಿದಳು, ಅಂಗಳವನ್ನು ನೋಡಿದಳು. ಆಮೇಲೆ ಜಗಳಕ್ಕೆ ಬಂದವಳ ಹಾಗೆ ಹೇಳಿದಳು:

‘ಮೂರು ಸಲ! ಮೂರೇ ಸಲ ಇಳಿಸಿದ್ದು ನಾನು! ನಮ್ಮತ್ತೆ ಮೂರು ಸೇರು ಅಕ್ಕಿ ರುಬ್ಬೋಕೆ ಹಾಕಿದ್ರು. ಒಂದು ಕೈಲಿ ಗುಂಡು ತಿರುಗಿಸಿ, ಅದೇ ಕೈಲಿ ಹಿಟ್ಟು ತಳ್ಳಿ ನೋಡಿ ಯಾರಾದ್ರೂ. ಗೊತ್ತಾಗತ್ತೆ.’

‘ಮೂರೇ ಸಲಕ್ಕೆ ಅಷ್ಟು ಆಳ ಬೀಳತ್ತಾ?’ ಎಂದಳು ಬುಟ್ಟಿ ಹೆಣೆಯುವವಳು.

‘ಕುಳಿ ಮೊದಲೇ ಇತ್ತು ಕಣೇ! ನಮ್ಮತ್ತೇದಿರಬೇಕು.’ ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯ ಬಾಯಿ ತಾನೇ ತೆರೆದುಕೊಂಡಿತು. ‘ಅಯ್ಯೋ ಶಿವನೇ. ನಮ್ಮತ್ತೇದು!’

ಯಾರೋ ಕಿಸಕ್ಕೆಂದರು. ಬುಟ್ಟಿ ಹೆಣೆಯುವವಳು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು, ‘ನಂದು ನಮ್ಮ ಜಗಲಿ. ಸಲ ಎಣಿಸಿಲ್ಲ. ದಿನಾ.’ ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಯಾರನ್ನೂ ನೋಡದೆ, ‘ಹೊಳೆ ಮೆಟ್ಟಿಲು,’ ಎಂದಳು. ಇನ್ನೊಬ್ಬಳು, ‘ನಾನು ನಮ್ಮ ಯಜಮಾನರ ಕೈಲಿ ಕೊಟ್ಟಿದ್ದೆ. ಅವರು ಅದನ್ನಿಟ್ಕೊಂಡು ನಿದ್ದೆ ಹೋದ್ರು,’ ಎಂದಳು. ಆಗ ಅಂಗಳವೇ ನಕ್ಕಿತು. ನಗುವಿನ ನಡುವೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅದನ್ನು ಯಾರೂ ಯಾಕೆಂದು ಕೇಳಲಿಲ್ಲ.

ಒಳಗಿನಿಂದ ಹೊತ್ತವಳ ಕೂಗು ಬಂತು. ಈ ಸಲದ ನೋವು ಬೇರೆ ಥರದ್ದು.

ಸೂಲಗಿತ್ತಿ ಎಚ್ಚೆತ್ತಳು. ‘ಕೂಸು ತಿರುಗಿ ಹೋಗಿಲ್ಲ ಕಣ್ರೇ,’ ಎಂದಳು. ‘ಇಷ್ಟೆಲ್ಲ ಕೇಳಿಸ್ಕೊಂಡೂ ಬರ್ತಾ ಇದೆ. ಅದಕ್ಕಿಲ್ಲದ ಹಟ ನಂಗ್ಯಾಕೆ?’ ಮೂರನೆಯ ಸಲ ಕೇಳುವುದನ್ನು ಬಿಟ್ಟು, ಅವಳು ಹೊಸಿಲು ದಾಟಿದಳು. ಹೊತ್ತವಳ ಮುಂದೆ ಕೂತು, ಅವಳ ತೋಳಿನ ನಡುವಿನ ಕಲ್ಲನ್ನು ನೋಡಿ, ತಾನು ಇಷ್ಟು ವರ್ಷ ಕಲ್ಲು ಅಪ್ಪಿದ ಹೆಂಗಸರನ್ನೇ ಹೆರಿಸಿದೆನಲ್ಲ ಎಂದು ತಲೆ ಚಚ್ಚಿಕೊಂಡಳು.

‘ಇಳಿಸೇ ತಾಯಿ ಅದನ್ನ. ಕೂಸು ಹಿಡಿಯೋಕೆ ಕೈ ಬೇಕು.’

ಹೊತ್ತವಳು ಸುತ್ತ ನೋಡಿದಳು. ಒಳಮನೆಯಲ್ಲಿ ಕುಳಿಯಿರಲಿಲ್ಲ. ಅತ್ತೆ ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು ಮಡಿಲು ಒಡ್ಡಿದಳು.

‘ಕೊಡಿಲ್ಲಿ.’

ಹೊತ್ತವಳು ಕೊಟ್ಟಳು.

ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿರುವಾಗಲೇ ಕೂಸು ಬಂತು. ಹೆಣ್ಣುಕೂಸು. ದೂರದಿಂದ ನಡೆದು ಬಂದು ದಣಿದ ಹಾಗೆ ಕೆಂಪಗಿತ್ತು, ಬಂದ ಕೂಡಲೇ ಊರಿಗೆಲ್ಲ ಬೈಯುವ ಹಾಗೆ ಅತ್ತಿತು. ತಾಯಿ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಕಲ್ಲಿಗೂ ಅದಕ್ಕೂ ಏನೇನೂ ಹೋಲಿಕೆಯಿರಲಿಲ್ಲ. ತೂಕ ಅಷ್ಟೇ. ಆದರೆ ಈ ಭಾರ ಬಿಸಿಯಾಗಿತ್ತು, ಅಲ್ಲಾಡುತ್ತಿತ್ತು, ಅವಳ ಕಡೆ ತಿರುಗುತ್ತಿತ್ತು. ತನ್ನ ಅಮ್ಮನ ಸೀರೆಯ ಚೌಕದಲ್ಲಿ ಅದನ್ನು ಸುತ್ತಿದಳು. ಕುಲಾವಿ ಕಟ್ಟಿದಳು. ಸರಿಹೋಯಿತು. ಮೂಸಿದಳು. ಹಾಲು ಕುಡಿಸಿದಳು. ಸಾಕೆನಿಸುವಷ್ಟು ನೋಡಿದಳು, ಸಾಕಾಗಲಿಲ್ಲ, ಮತ್ತೆ ನೋಡಿದಳು. ಆಮೇಲೆ ಅವಳ ಕಣ್ಣು ಎಳೆಯತೊಡಗಿತು.

‘ಅತ್ತೆ,’ ಎಂದಳು. ‘ಇವಳನ್ನ ಹಿಡ್ಕೊಳ್ಳಿ. ನಾನು ಸ್ವಲ್ಪ ನಿದ್ದೆ ಮಾಡ್ತೀನಿ.’

ಆ ಊರಲ್ಲಿ ಬಾಣಂತಿಯೊಬ್ಬಳು ಆಡಿದ ಮಾತಲ್ಲ ಅದು. ಅತ್ತೆ ಗಡಿಬಿಡಿಗೆ ಬಿದ್ದಳು. ಅವಳ ಮಡಿಲಲ್ಲಿ ಇನ್ನೂ ಕಲ್ಲಿತ್ತು. ಸೂಲಗಿತ್ತಿಯನ್ನು ನೋಡಿದಳು, ಬಾಗಿಲಲ್ಲಿ ಕಿಕ್ಕಿರಿದ ಹೆಂಗಸರನ್ನು ನೋಡಿದಳು. ಎಲ್ಲರ ಎದುರಿಗೆ, ಹಾಡಹಗಲಲ್ಲಿ, ಕಲ್ಲನ್ನು ಎತ್ತಿ ನೆಲಕ್ಕೆ ಇಳಿಸಿದಳು.

ದಡ್ ಎಂದು ಸದ್ದಾಯಿತು. ಆ ಊರು ಆ ಸದ್ದನ್ನು ಮೊದಲ ಸಲ ಕೇಳಿತು. ಕೂಸು ಬೆಚ್ಚಲೂ ಇಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಮ್ಮಗಳನ್ನು ತೆಗೆದುಕೊಂಡಳು. ನಾಲ್ಕು ವರ್ಷ ಮಗನನ್ನು ಇಳಿಸದಿದ್ದ ಅವಳಿಗೆ ಇನ್ನೊಬ್ಬರ ಕೂಸನ್ನು ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ಮೊದಲು ತಲೆಕೆಳಗಾಗಿ ಹಿಡಿಯಲು ಹೋದಳು. ಸೂಲಗಿತ್ತಿ ಬೈದು ಸರಿಮಾಡಿದಳು. ಕೂಸು ಒಮ್ಮೆ ಮೈ ಮುರಿದು ಅವಳ ಮಡಿಲಲ್ಲಿ ಕೂತಿತು. ಅತ್ತ ಇತ್ತ ಒಂದು ಕೂದಲಿನಷ್ಟು ಜಾಗವೂ ಉಳಿಯಲಿಲ್ಲ.

ತಾಯಿ ಅದನ್ನು ನೋಡಿ, ಪಕ್ಕಕ್ಕೆ ತಿರುಗಿ ಮಲಗಿದಳು.

ಹನ್ನೊಂದನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದರು. ಮೂರು ಗಿಳಿಗೆ ಕೊಕ್ಕಿತ್ತು, ನಾಲ್ಕನೆಯದಕ್ಕೆ ಇರಲಿಲ್ಲ. ನೋಡಲು ಊರೇ ಬಂತು. ತೊಟ್ಟಿಲು ತೂಗುವುದು ಹೇಗೆಂದು ಯಾರಿಗೂ ಅಭ್ಯಾಸವಿರಲಿಲ್ಲ. ಒಬ್ಬಳು ಜೋರಾಗಿ ತೂಗಿ, ಇನ್ನೊಬ್ಬಳು ನಿಲ್ಲಿಸಿ, ಬಡಗಿ ನಡುವೆ ಬಂದು ತೋರಿಸಿಕೊಟ್ಟ. ಮಾರನೆಯ ವಾರ ಬುಟ್ಟಿ ಹೆಣೆಯುವವಳು ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸಿ ಓಡಿಸಿದಳು. ಹೇಂಟೆ ಬಹಳ ದಿನ ಮುನಿಸಿಕೊಂಡಿತ್ತು. ಬೀದಿಬೀದಿಯಲ್ಲಿ ಈರುಳ್ಳಿಗೆ ಜಾಗ ಹುಡುಕುವುದೇ ಕೆಲಸವಾಯಿತು. ಕೆಲವು ಮನೆಯ ಮಕ್ಕಳು ಮೈಯೆಲ್ಲ ಈರುಳ್ಳಿ ವಾಸನೆ ಹೊಡೆಯುತ್ತ ನಿದ್ದೆ ಮಾಡಿದವು. ಎಲ್ಲರೂ ಬದಲಾಗಲಿಲ್ಲ. ದೇವರ ಮಂಡಿ ಎಂದು ಈಗಲೂ ಶುಕ್ರವಾರ ಹೂವು ಏರಿಸುವವರಿದ್ದಾರೆ. ಏರಿಸಲಿ, ಕುಳಿಗೇನು, ಹೂವೂ ಹಿಡಿಯುತ್ತದೆ, ನೀರೂ ಹಿಡಿಯುತ್ತದೆ.

ಬೇಸಗೆಗೆ ಹೊಳೆ ದಂಡೆಯ ಕಡೆಯ ಮನೆಯಲ್ಲಿ ಒಬ್ಬಳಿಗೆ ಒಂಬತ್ತಕ್ಕೆ ಬಿತ್ತು. ಹದಿನೆಂಟರ ಹುಡುಗಿ, ಬೆದರಿದ ಕಣ್ಣು. ಈ ಸಲ ಕಲ್ಲನ್ನು ಮೊರದಲ್ಲಿಟ್ಟು ತಂದದ್ದು ಬಡಗಿಯ ಹೆಂಡತಿ. ಅವಳ ಎರಡೂ ಕೈಯಲ್ಲಿ ಮೊರವಿತ್ತು. ಅವಳ ಕೂಸು ಮನೆಯಲ್ಲಿ ಅಜ್ಜಿಯ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು.

ಹುಡುಗಿ ಕಲ್ಲನ್ನು ಮಡಿಲಿಗೆ ತೆಗೆದುಕೊಂಡು, ಸುತ್ತ ಇದ್ದವರಿಗೆ ಕೇಳದ ಹಾಗೆ ಪಿಸುಗುಟ್ಟಿದಳು. ‘ಅಕ್ಕಾ, ನಂಗೆ ಆಗದೇ ಹೋದ್ರೆ? ಇಳಿಸಿಬಿಟ್ರೆ?’

ಬಡಗಿಯ ಹೆಂಡತಿ ಪಿಸುಗುಟ್ಟಲಿಲ್ಲ. ಅವಳಿಗೆ ಸಹಜವಾದ ಸಣ್ಣ ದನಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

‘ಬಾವಿಕಟ್ಟೆ ಮಧ್ಯಾಹ್ನ ಕಾದಿರತ್ತೆ. ಕುಳಿಗೆ ಒಂಚೂರು ನೀರು ಚಿಮುಕಿಸಿ ಇಳಿಸು.’